ಹಕ್ಕು ಬೇಕೋ, ತವರು ಬೇಕೋ: ಅಯೆಲೆಟ್ ಶಖಾರ್ ಅವರನ್ನು ಮಲೆನಾಡಿನಲ್ಲಿ ಕೂತು ಓದುವಾಗ

ಸಾಗರದ ಓದುಗಿ

ಎರಡು ವರ್ಷಗಳ ಹಿಂದೆ ದೊಡ್ಡಪ್ಪನ ಮಗಳ ಜೊತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಎರಡೂಕಾಲು ಎಕರೆ ಅಡಿಕೆ ತೋಟದ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು, ಆಗಬೇಕಿತ್ತು. ನಾಡಕಚೇರಿಯಿಂದ ಬಂದ ವಂಶವೃಕ್ಷದಲ್ಲಿ ಇಬ್ಬರು ಅಣ್ಣಂದಿರ ಹೆಸರಿನ ಜೊತೆ ಅಕ್ಕನ ಹೆಸರೂ ಇದ್ದುದರಿಂದ, ಅವಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳಲೆಂದು ಎಲ್ಲರೂ ಸೇರಿದ್ದರು. ಬೆರಳಚ್ಚಿನ ಯಂತ್ರ ಅವಳ ಹೆಬ್ಬೆರಳನ್ನು ಗುರುತಿಸಲಿಲ್ಲ. ಸುಲಿಯುವ ಕೆಲಸ ಮುಗಿದು ಹದಿನೈದು ದಿನವೂ ಆಗಿರಲಿಲ್ಲ. ತವರಿಗೆ ಬಂದು ಮೆಟ್ಟುಗತ್ತಿಯ ಮುಂದೆ ಕೂತು ಸುಲಿದ ಅಡಿಕೆಯ ಚೊಗರು ಬೆರಳಿನ ಗೆರೆಗಳಲ್ಲಿ ಇನ್ನೂ ಕಪ್ಪಾಗಿ ಕೂತಿತ್ತು. ಸೆರಗಿಗೆ ಒರೆಸಿ ಒರೆಸಿ ಇಟ್ಟ ಮೇಲೆ ನಾಲ್ಕನೆಯ ಸಲಕ್ಕೆ ಅಚ್ಚು ಬಿತ್ತು. "ಸ್ವಇಚ್ಛೆಯಿಂದ ಬಿಟ್ಟುಕೊಡ್ತಾ ಇದ್ದೀರಾ ಅಮ್ಮಾ?" ಎಂದು ಸಬ್ ರಿಜಿಸ್ಟ್ರಾರ್ ಕೇಳಿದರು. ಅಕ್ಕ ಹೌದೆಂದಳು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ನನ್ನೊಬ್ಬಳಿಗೇ ಕೇಳುವ ಹಾಗೆ, "ಗೌರಿ ಹಬ್ಬಕ್ಕೆ ಬಾಗಿನ ತರೋರು ಯಾರಾದ್ರೂ ಇರಬೇಕಲ್ಲೇ ತಂಗೀ" ಎಂದಳು.

ಕಾನೂನು ಮತ್ತು ರಾಜಕೀಯ ಚಿಂತಕಿ ಅಯೆಲೆಟ್ ಶಖಾರ್ ಅವರ ಪುಸ್ತಕವನ್ನು ಆ ವೇಳೆಗೆ ಓದಿದ್ದೆ, ರಾಜ್ಯಶಾಸ್ತ್ರದ ತರಗತಿಯಲ್ಲಿ ಅದರ ಬಗ್ಗೆ ಪಾಠವನ್ನೂ ಮಾಡಿದ್ದೆ. ಆದರೆ ಅದು ನಮ್ಮ ಮನೆಯ ಜಗುಲಿಯ ವಿಷಯವೆಂದು ತಿಳಿದದ್ದು ಅಕ್ಕನ ಆ ಮಾತಿನಿಂದ.

ಅವರ 'ಮಲ್ಟಿಕಲ್ಚರಲ್ ಜೂರಿಸ್‌ಡಿಕ್ಷನ್ಸ್' ಪ್ರಕಟವಾದದ್ದು 2001ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲು, 1997ರಲ್ಲಿ, ಸ್ತ್ರೀವಾದಿ ಚಿಂತಕಿ ಸೂಸನ್ ಮೊಲರ್ ಓಕಿನ್ ಅವರು ಬಹುಸಂಸ್ಕೃತಿವಾದವು ಹೆಂಗಸರಿಗೆ ಕೆಡುಕೇ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿದ್ದರು. ಅಲ್ಪಸಂಖ್ಯಾತ ಸಮುದಾಯಗಳಿಗೆ ವಿಶೇಷ ಹಕ್ಕುಗಳನ್ನು ಕೊಡುವುದು ನ್ಯಾಯಸಮ್ಮತವೆಂದು ವಿಲ್ ಕಿಮ್ಲಿಕಾ ಮುಂತಾದ ಚಿಂತಕರು ವಾದಿಸಿದ್ದ ಕಾಲ ಅದು. ಆ ಹಕ್ಕುಗಳು ಸಮುದಾಯದೊಳಗೆ ಯಾರ ಕೈಗೆ ಹೋಗುತ್ತವೆ ಎಂಬುದು ಓಕಿನ್ ಅವರ ಪ್ರಶ್ನೆ. ಶಖಾರ್ ಆ ಪ್ರಶ್ನೆಯನ್ನು ಒಪ್ಪುತ್ತಾರೆ, ಉತ್ತರವನ್ನು ಒಪ್ಪುವುದಿಲ್ಲ. ಸಮುದಾಯವನ್ನು ಗೌರವಿಸುವ ಹೆಸರಿನಲ್ಲಿ ಸರ್ಕಾರ ಹಿಂದೆ ಸರಿದಾಗ, ಆ ಗೌರವದ ಬೆಲೆಯನ್ನು ಸಮುದಾಯದ ಹೆಂಗಸರೇ ತೆರಬೇಕಾಗುತ್ತದೆ. ಇದನ್ನು ಅವರು ಬಹುಸಂಸ್ಕೃತಿಯ ಅಸುರಕ್ಷತೆಯ ವಿರೋಧಾಭಾಸ ಎಂದು ಕರೆದರು. ಆದರೆ ಇದಕ್ಕೆ ಪರಿಹಾರವೆಂದು ಹೆಂಗಸರಿಗೆ "ನಿನ್ನ ಸಂಸ್ಕೃತಿಯನ್ನು ಬಿಟ್ಟು ಬಾ, ಹಕ್ಕು ಕೊಡುತ್ತೇವೆ" ಎನ್ನುವುದೂ, ಇನ್ನೊಬ್ಬ ಚಿಂತಕ ಚಂದ್ರನ್ ಕುಕಥಾಸ್ ಅವರಂತೆ "ಇಷ್ಟವಿಲ್ಲದವರಿಗೆ ಹೊರಬರುವ ಸ್ವಾತಂತ್ರ್ಯವಂತೂ ಇದ್ದೇ ಇದೆ" ಎನ್ನುವುದೂ ಅವರ ಪ್ರಕಾರ ಒಂದೇ ತಪ್ಪಿನ ಎರಡು ಮುಖಗಳು. ಎರಡರಲ್ಲೂ ಭಾರ ಬೀಳುವುದು ಆ ಹೆಂಗಸಿನ ಮೇಲೆಯೇ. ನಮ್ಮ ಅಕ್ಕನ ಮಟ್ಟಿಗೆ ಹೇಳುವುದಾದರೆ, ಅನ್ಯಾಯ ಶುರುವಾಗುವುದು ಅವಳು ಸಹಿ ಹಾಕುವಾಗ ಅಲ್ಲ. ಪಾಲು ಅಥವಾ ತವರು, ಎರಡರಲ್ಲಿ ಒಂದನ್ನು ಆರಿಸಿಕೋ ಎಂಬ ಸ್ಥಿತಿಯನ್ನು ಅವಳ ಮುಂದೆ ತಂದು ಇಟ್ಟಾಗಲೇ.

ಈ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ಕಂಡ ವಿಚಾರ ಇನ್ನೊಂದಿದೆ. ಕೌಟುಂಬಿಕ ಕಾನೂನು ಎಂದು ನಾವು ಒಂದೇ ಗಂಟಾಗಿ ನೋಡುವ ವಿಷಯದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ ಎನ್ನುತ್ತಾರೆ ಅವರು. ಯಾರು ನಮ್ಮವರು, ಯಾರ ಮದುವೆ ಮದುವೆ, ಯಾರ ಮಗು ಯಾವ ಕುಲಕ್ಕೆ ಸೇರಿತು ಎಂದು ಗೆರೆ ಎಳೆಯುವುದು ಒಂದು ಕೆಲಸ. ಆಸ್ತಿ, ಜೀವನಾಂಶ, ಮಕ್ಕಳ ಪೋಷಣೆ ಇವನ್ನು ಹಂಚುವುದು ಇನ್ನೊಂದು. ಇವೆರಡನ್ನೂ ಒಬ್ಬರದೇ ಕೈಗೆ ಕೊಡಬಾರದು. ಒಂದು ಸಮುದಾಯದ ಬಳಿ ಇದ್ದರೆ ಇನ್ನೊಂದು ಪ್ರಭುತ್ವದ ಬಳಿ ಇರಲಿ, ಯಾರಿಗೂ ಪೂರ್ತಿ ಏಕಸ್ವಾಮ್ಯ ಬೇಡ, ಒಂದು ಕಡೆ ನ್ಯಾಯ ಸಿಗದಾಗ ಇನ್ನೊಂದು ಕಡೆಗೆ ತಿರುಗುವ ದಾರಿ ಮೊದಲೇ ಸ್ಪಷ್ಟವಾಗಿರಲಿ ಎಂಬುದು ಅವರ ಸೂತ್ರ. ಹೆಂಗಸರು ಹೀಗೆ ತಿರುಗಬಲ್ಲರು ಎಂಬ ಅರಿವೇ ಸಮುದಾಯವನ್ನು ಒಳಗಿನಿಂದ ಬದಲಾಗುವಂತೆ ಮಾಡುತ್ತದೆ ಎಂಬ ನಂಬಿಕೆ ಅದರ ಹಿಂದಿದೆ.

ಬಾಗಿನ, ಮಡಿಲಕ್ಕಿ, ಬಾಣಂತನ, ಹಬ್ಬದ ಕರೆ ಇವೆಲ್ಲ ಮೊದಲನೆಯ ಗುಂಪಿನವು. ತೋಟ ಎರಡನೆಯದು. ನಮ್ಮ ಮನೆಗಳಲ್ಲಿ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದವರು ಯಾರು, ಬಿಚ್ಚುವುದು ಹೇಗೆ ಎಂದು ಇಲ್ಲಿ ಚರ್ಚಿಸಬೇಕೆಂದು ಬರೆದಿದ್ದೇನೆ.

ಹೊಸನಗರದ ವಕೀಲ

ಮೇಡಂ, ಗಂಟು ಕಟ್ಟಿದವರು ಶಾಸನಸಭೆಯವರಂತೂ ಅಲ್ಲ ಎಂದು ದಾಖಲೆಗಾಗಿ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆ ಹಳೆಯ ಮೈಸೂರು ಸಂಸ್ಥಾನದಲ್ಲಿತ್ತು. ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆಯನ್ನು ಮೈಸೂರು 1933ರಲ್ಲಿಯೇ ತಂದಿತ್ತು. ಅವಿಭಕ್ತ ಕುಟುಂಬದ ಆಸ್ತಿ ವಿಭಾಗವಾಗುವಾಗ ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ, ಗಂಡುಸಂತಾನವಿಲ್ಲದ ವಿಧವೆಯರಿಗೆ ಅದರಲ್ಲಿ ಪಾಲಿತ್ತು. ಕರ್ನಾಟಕವು 1994ರ ಜುಲೈ 30ರಿಂದ ಮಗಳನ್ನೂ ಮಗನಂತೆ ಹುಟ್ಟಿನಿಂದಲೇ ಸಹಪಾಲುದಾರಳೆಂದು ಒಪ್ಪಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕೇಂದ್ರ ತಂದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದು ಮದುವೆಯ ಆ ಗೋಡೆಯನ್ನು ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು.

ಕಾನೂನು ಇಷ್ಟು ದೂರ ಬಂದಿದೆ. ಅದು ಗಟ್ಟಿಯಾದಷ್ಟೂ ನನ್ನ ಮೇಜಿಗೆ ಬರುವ ಹಕ್ಕು ಬಿಡುಗಡೆ ಪತ್ರಗಳೂ ಹೆಚ್ಚಾದವು. ಹಿಂದೆ ಹೆಣ್ಣುಮಕ್ಕಳನ್ನು ಕೇಳುವ ಅಗತ್ಯವೇ ಇರಲಿಲ್ಲ, ಈಗ ಕೇಳಿ ಬಿಡಿಸಿಕೊಳ್ಳಬೇಕಾಗಿದೆ. ಆದರೂ ನನ್ನದೊಂದು ಆಕ್ಷೇಪವಿದೆ. ವಯಸ್ಸಿಗೆ ಬಂದ, ಓದುಬರಹ ಬಲ್ಲ ಹೆಂಗಸು ಒಪ್ಪಿ ಸಹಿ ಹಾಕಿದ್ದನ್ನು ನಾವು ಒಪ್ಪಿಗೆಯಲ್ಲ ಎಂದರೆ, ಅವಳಿಗೆ ಸ್ವಂತ ಬುದ್ಧಿಯಿಲ್ಲ ಎಂದು ಹೇಳಿದ ಹಾಗಾಗುವುದಿಲ್ಲವೇ?

ತೋಟದ ಮನೆ, ತೀರ್ಥಹಳ್ಳಿ

ನಾನು ತಂಗಿಯಿಂದ ಪತ್ರ ಬರೆಸಿಕೊಂಡ ಅಣ್ಣ. ಮುಚ್ಚಿಡುವುದೇನೂ ಇಲ್ಲದ ಕಾರಣ ಬರೆಯುತ್ತಿದ್ದೇನೆ. ಒಂದೂವರೆ ಎಕರೆ ತೋಟ, ಅದಕ್ಕೆ ಸೇರಿದ ಸೊಪ್ಪಿನಬೆಟ್ಟ, ಒಂದು ಹಳೆಯ ಮನೆ. ಅಪ್ಪ ಹಾಸಿಗೆ ಹಿಡಿದ ಆರು ವರ್ಷ ನೋಡಿಕೊಂಡವರು ನಾನು ಮತ್ತು ನನ್ನ ಹೆಂಡತಿ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಈಗ ಎಲೆಚುಕ್ಕೆ ರೋಗ ಬೇರೆ ಸೇರಿಕೊಂಡಿದೆ. ಇಷ್ಟು ಚಿಕ್ಕ ತೋಟವನ್ನು ಮೂರು ತುಂಡು ಮಾಡಿದರೆ ಯಾರ ತುಂಡೂ ಯಾರನ್ನೂ ಸಾಕುವುದಿಲ್ಲ. ನೀವು ಹೇಳುವ ವಿದ್ವಾಂಸರು ಇಂಥ ಲೆಕ್ಕವನ್ನು ಎಲ್ಲಾದರೂ ಹಾಕಿದ್ದಾರೆಯೇ ಎಂದು ತಿಳಿಯುವ ಆಸೆ ನನಗೆ ನಿಜವಾಗಿಯೂ ಇದೆ.

ಸಾಗರದ ಓದುಗಿ

ಅಣ್ಣಾ, ನೀವು ಮುಚ್ಚುಮರೆಯಿಲ್ಲದೆ ಬರೆದದ್ದಕ್ಕೆ ಕೃತಜ್ಞತೆಗಳು. ಪಾಲು ಎಂದರೆ ತೋಟವನ್ನು ತುಂಡರಿಸುವುದೇ ಆಗಬೇಕಿಲ್ಲ. ಪಾಲಿನ ಬೆಲೆಯನ್ನು ಕೆಲವು ವರ್ಷಗಳ ಫಸಲಿನಲ್ಲಿ ಕೊಟ್ಟು ತೀರಿಸಿದ ಅಣ್ಣಂದಿರನ್ನು ನಾನೇ ಬಲ್ಲೆ. ನಿಮ್ಮ ಬರಹದಲ್ಲಿ ಇನ್ನೊಬ್ಬ ಹೆಂಗಸಿದ್ದಾರೆ. ಆರು ವರ್ಷ ನಿಮ್ಮ ತಂದೆಯವರ ಸೇವೆ ಮಾಡಿದ ನಿಮ್ಮ ಮನೆಯವರ ಹೆಸರು ಪಹಣಿಯಲ್ಲಿ ಇದೆಯೇ? ಅವರು ತಮ್ಮ ತವರಿನಲ್ಲಿಯೂ ಒಂದು ಪತ್ರಕ್ಕೆ ಸಹಿ ಹಾಕಿ ಬಂದಿರಬಹುದು. ಎರಡು ಮನೆಗಳಲ್ಲಿ ದುಡಿದು ಎರಡರಲ್ಲಿಯೂ ಕಾಗದದ ಮೇಲೆ ಇಲ್ಲದಿರುವುದು ನಮ್ಮ ಕಡೆಯ ಹೆಂಗಸರ ಸಾಮಾನ್ಯ ಸ್ಥಿತಿ. ಭೂಸುಧಾರಣೆಯ ಕಾಲದಲ್ಲೂ ಹೀಗೆಯೇ ಆಯಿತು. 1951ರ ಕಾಗೋಡು ಸತ್ಯಾಗ್ರಹ ನಡೆದ ತಾಲೂಕಿನವಳು ನಾನು, ಗೇಣಿದಾರರಿಗೆ ಭೂಮಿ ಸಿಕ್ಕಿದ್ದನ್ನು ಕಡಿಮೆ ಮಾಡಿ ಹೇಳಲಾರೆ. ಆದರೆ ಭೂಸುಧಾರಣೆ ಕಾಯಿದೆಗೆ 1974ರ ತಿದ್ದುಪಡಿಯಾದ ಮೇಲೆ ನಮ್ಮ ಊರಿನಲ್ಲಿ ಗೇಣಿ ಭೂಮಿಗಾಗಿ ಡಿಕ್ಲರೇಷನ್ ಕೊಟ್ಟವರೆಲ್ಲ ಗಂಡಸರೇ. ನೆಟ್ಟಿ ನೆಟ್ಟವರ ಹೆಸರು ಆ ಅರ್ಜಿಗಳಲ್ಲಿ ಇರಲಿಲ್ಲ.

ವಕೀಲರೇ, ನಿಮ್ಮ ಆಕ್ಷೇಪಕ್ಕೆ ನಾಳೆ ಸಮಾಧಾನವಾಗಿ ಬರೆಯುತ್ತೇನೆ.

ಹೊಸನಗರದ ವಕೀಲ

ತೀರ್ಥಹಳ್ಳಿಯವರಿಗೆ ಒಂದು ಮಾತು. ಹಿಂದೂ ಉತ್ತರಾಧಿಕಾರ ಕಾಯಿದೆಯ 22ನೆಯ ಕಲಮಿನ ಪ್ರಕಾರ, ಒಬ್ಬ ವಾರಸುದಾರರು ತಮ್ಮ ಪಾಲನ್ನು ಮಾರಲು ಹೊರಟರೆ ಅದನ್ನು ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರಿಗಿದೆ. ಇದು ಕೃಷಿ ಭೂಮಿಗೂ ಅನ್ವಯಿಸುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಂಗಿಗೆ ಪಾಲು ಕೊಟ್ಟ ಕೂಡಲೇ ತೋಟ ಹೊರಗಿನವರ ಪಾಲಾಗುತ್ತದೆ ಎಂಬ ಭಯ ಬಹುಮಟ್ಟಿಗೆ ಬೇಡ.

ಸೊರಬದ ಮೇಷ್ಟ್ರು

ಒಪ್ಪಿಗೆಯ ಪ್ರಶ್ನೆ ಬಂದಿತಲ್ಲ, ನಮ್ಮ ತಾಲೂಕಿನ ಚಂದ್ರಗುತ್ತಿಯನ್ನು ನೆನೆಯದೆ ಅದನ್ನು ಚರ್ಚಿಸಲಾಗದು. ರೇಣುಕಾಂಬೆಯ ಗುಡ್ಡಕ್ಕೆ ಹರಕೆ ಹೊತ್ತ ಹೆಂಗಸರು ಬೆತ್ತಲೆ ಸೇವೆ ಮಾಡುತ್ತಿದ್ದರು. ಹೆಚ್ಚಿನವರು ಬಡವರು, ದಲಿತ ಮತ್ತು ಹಿಂದುಳಿದ ಜಾತಿಗಳವರು. 1986ರ ಮಾರ್ಚಿನ ಜಾತ್ರೆಯಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆಯಿತು, ನಂತರ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಆಗ ಎರಡೇ ಮಾತುಗಳು ಕೇಳುತ್ತಿದ್ದವು: ಇದು ಅವರ ನಂಬಿಕೆ, ನೀವು ಯಾರು ಕೇಳುವುದಕ್ಕೆ, ಅಥವಾ, ಇದು ಅನಾಗರಿಕ, ಲಾಠಿ ಹಿಡಿದಾದರೂ ನಿಲ್ಲಿಸಿ. ಹರಕೆ ಹೊತ್ತವಳನ್ನು ಕೂರಿಸಿಕೊಂಡು ಮಾತಾಡಿಸಿದವರು ಕಡಿಮೆ. ಮಗು ಉಳಿಯಲೆಂದೋ ಚರ್ಮದ ಕಾಯಿಲೆ ವಾಸಿಯಾಗಲೆಂದೋ ಹೊತ್ತ ಹರಕೆಯನ್ನು ತೀರಿಸದಿದ್ದರೆ ಅಮ್ಮ ಮುನಿಯುತ್ತಾಳೆ ಎಂದು ನಂಬಿದವಳಿಗೆ ನಿಷೇಧ ಎಂದರೆ ಏನೆನಿಸಿರಬಹುದು?

ನಿಷೇಧ ಸರಿಯಾಗಿಯೇ ಇತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಶಖಾರ್ ಅವರ ಸೂತ್ರ ಇಲ್ಲಿ ಏನು ಹೇಳುತ್ತದೆ? ಇಲ್ಲಿ ಹಂಚಲು ಆಸ್ತಿಯಿಲ್ಲ, ದೇಹ ಮಾತ್ರ ಇದೆ.

ಸಾಗರದ ಓದುಗಿ

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಅವರ ಸೂತ್ರದಲ್ಲಿ ನೇರ ಉತ್ತರವಿಲ್ಲ ಎಂದೇ ನನಗೆ ಅನಿಸುತ್ತದೆ. ಕೌಟುಂಬಿಕ ಕಾನೂನನ್ನು ಮುಂದಿಟ್ಟುಕೊಂಡು ಕಟ್ಟಿದ ಚೌಕಟ್ಟು ಅದು. ಆದರೆ ಚಂದ್ರಗುತ್ತಿಯ ಒಂದು ಅಂಶ ಅವರನ್ನೂ ಓಕಿನ್ ಅವರನ್ನೂ ಒಟ್ಟಿಗೆ ಓದುವಂತೆ ಮಾಡುತ್ತದೆ. ತಡೆಯಲು ಹೋದವರು ಹೊರಗಿನವರಾಗಿರಲಿಲ್ಲ, ಆ ಸೇವೆಯ ನೋವನ್ನು ಉಂಡ ಸಮುದಾಯಗಳಿಂದಲೇ ಬಂದವರು. ಸಮುದಾಯ ಎಂದರೆ ಒಂದೇ ಬಾಯಿ ಎಂದು ಭಾವಿಸಿದಾಗಲೇ "ನಂಬಿಕೆಯೋ ಕಾನೂನೋ" ಎಂಬ ಎರಡೇ ದಾರಿ ಕಾಣುತ್ತದೆ. ಗುಂಪಿನ ಹಕ್ಕುಗಳ ಮಾತುಕತೆಯಲ್ಲಿ ಹೆಂಗಸರಿಗೆ, ಅದರಲ್ಲೂ ಹರೆಯದ ಹೆಂಗಸರಿಗೆ ಪೂರ್ತಿ ಪ್ರಾತಿನಿಧ್ಯ ಇರಲೇಬೇಕು, ಏಕೆಂದರೆ ಹಿರಿಯ ಹೆಂಗಸರು ಎಷ್ಟೋ ವೇಳೆ ಹಳೆಯ ವ್ಯವಸ್ಥೆಯನ್ನು ಕಾಯುವವರಾಗಿಬಿಟ್ಟಿರುತ್ತಾರೆ ಎಂದು ಓಕಿನ್ ಬರೆದಿದ್ದರು. ಓದುವಾಗ ನನಗೆ ನೆನಪಾದದ್ದು ದೊಡ್ಡಮ್ಮ. ಪತ್ರಕ್ಕೆ ಸಹಿ ಹಾಕಲು ಅಕ್ಕನನ್ನು ಒಪ್ಪಿಸಿದವರು ಅಣ್ಣಂದಿರಲ್ಲ. "ನಾನು ಸಹಿ ಹಾಕಿಯೇ ಇಲ್ಲಿಗೆ ಬಂದವಳು, ನನಗೇನು ಕಡಿಮೆಯಾಯಿತು" ಎಂದು ಒಲೆಯ ಮುಂದೆ ಕೂತು ಹೇಳಿದ ತಾಯಿ.

ಇನ್ನು ಒಪ್ಪಿಗೆಯ ಮಾತು. ವಕೀಲರೇ, ಅಕ್ಕನಿಗೆ ಬುದ್ಧಿಯಿಲ್ಲ ಎಂದು ನಾನು ಹೇಳುವುದಿಲ್ಲ. ಅವಳ ಲೆಕ್ಕ ಸರಿಯಾಗಿಯೇ ಇತ್ತು: ನಾಳೆ ಗಂಡನ ಮನೆಯಲ್ಲಿ ಏನಾದರೂ ಆದರೆ ಹೋಗಿ ನಿಲ್ಲಲು ಒಂದು ಬಾಗಿಲು ಬೇಕು, ಆ ಬಾಗಿಲಿನ ಬೆಲೆ ಅವಳ ಪಾಲು. ನಾನು ಪ್ರಶ್ನಿಸುವುದು ಅವಳ ಲೆಕ್ಕವನ್ನಲ್ಲ, ಆ ಬಾಗಿಲಿಗೆ ಬೆಲೆ ಕಟ್ಟಿದ್ದನ್ನು. ಅಣ್ಣಂದಿರು ತೋಟವನ್ನೂ ಪಡೆದರು, ಮನೆಯನ್ನೂ ಉಳಿಸಿಕೊಂಡರು. ಅವರ ಮುಂದೆ ಯಾರೂ ಇಂಥ ಆಯ್ಕೆಯನ್ನು ಇಡಲಿಲ್ಲ.

ಭದ್ರಾವತಿಯ ಓದುಗಿ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಹೆಂಗಸರ ಹಕ್ಕು ಮತ್ತು ಸಮುದಾಯ ಎಂಬ ಮಾತು ಬಂದ ಕೂಡಲೇ ನಮ್ಮ ದೇಶದಲ್ಲಿ ಎಲ್ಲರ ಬೆರಳು ಮುಸಲ್ಮಾನರ ಮನೆಯ ಕಡೆಗೆ ತಿರುಗುತ್ತದೆ. ಇಲ್ಲಿ ಚರ್ಚೆ ನಿಮ್ಮ ಮನೆಗಳಿಂದಲೇ ಶುರುವಾದದ್ದರಿಂದ ನನಗೂ ಮಾತಾಡುವ ಧೈರ್ಯ ಬಂತು.

ಶಖಾರ್ ಅವರ ಪುಸ್ತಕದಲ್ಲಿ ಶಾ ಬಾನೋ ಅವರ ಪ್ರಕರಣ ಬರುತ್ತದೆ. ಇಂದೋರಿನ ಆ ಮುದುಕಿಗೆ ತಲಾಖ್ ಕೊಟ್ಟ ಗಂಡನಿಂದ ಹೈಕೋರ್ಟ್ ಕೊಡಿಸಿದ ಜೀವನಾಂಶ ತಿಂಗಳಿಗೆ 179 ರೂಪಾಯಿ 20 ಪೈಸೆ. 1985ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 1986ರಲ್ಲಿ ಸಂಸತ್ತು ತಲಾಖ್ ಆದ ಮುಸ್ಲಿಂ ಹೆಂಗಸರಿಗೆಂದು ಬೇರೆ ಕಾಯಿದೆ ಮಾಡಿತು. ಇವು ಎಲ್ಲರಿಗೂ ಗೊತ್ತು. ನನ್ನನ್ನು ಬಹಳ ದಿನ ಕಾಡಿದ್ದು ಬೇರೆ: ಅಷ್ಟು ವರ್ಷ ಹೋರಾಡಿ ಗೆದ್ದ ಮೇಲೆ, ಆ ತೀರ್ಪು ತನಗೆ ಬೇಡವೆಂದು ಆಕೆ ಬಹಿರಂಗವಾಗಿ ಹೇಳಬೇಕಾಯಿತು. ನಿಮ್ಮ ಅಕ್ಕ ಸಬ್ ರಿಜಿಸ್ಟ್ರಾರ್ ಎದುರು "ಹೌದು" ಎಂದದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ನನಗೆ ಕಾಣಲಿಲ್ಲ. ಹೊರಗಿನಿಂದ ಒತ್ತಡ ಹೆಚ್ಚಾದಷ್ಟೂ ಸಮುದಾಯವು ತನ್ನ ಹೆಂಗಸರನ್ನು ಮುಂದೆ ನಿಲ್ಲಿಸಿ ಗಡಿ ಕಾಯುತ್ತದೆ ಎಂದು ಶಖಾರ್ ಹೇಳಿದ್ದು ನಾನು ಕಂಡ ಸತ್ಯ. 1986ರ ಕಾಯಿದೆಯನ್ನು ಉಳಿಸಿಕೊಂಡೇ, ಇದ್ದತ್ತಿನ (ತಲಾಖ್ ಆದ ಮೇಲೆ ಹೆಂಗಸು ಮರುಮದುವೆಗೆ ಮೊದಲು ಕಾಯಬೇಕಾದ) ಅವಧಿಯೊಳಗೆ ಮುಂದಿನ ಬದುಕಿಗೂ ಸಾಲುವಷ್ಟು ಏರ್ಪಾಡು ಮಾಡಬೇಕೆಂದು 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ನ್ಯಾಯಾಲಯ ಅರ್ಥೈಸಿತಲ್ಲ, ಆ ದಾರಿ ಸದ್ದಿಲ್ಲದೆ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಅನಿಸಿಕೆ.

ಕಾನಂಚಿನವರು, ಹೊಸನಗರ

ಹಸಲರೆಂಬ ಪರಿಶಿಷ್ಟ ಪಂಗಡದವರ ಕೇರಿಗಳಲ್ಲಿ ಕೆಲಸ ಮಾಡುವವನು ನಾನು. ಮೇಲೆ ವಕೀಲರು ಪಟ್ಟಿ ಮಾಡಿದ ಯಾವ ತಿದ್ದುಪಡಿಯೂ ಪರಿಶಿಷ್ಟ ಪಂಗಡದ ಹೆಣ್ಣುಮಕ್ಕಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯ 2ನೆಯ ಕಲಮಿನ 2ನೆಯ ಉಪಕಲಮು ಅವರನ್ನು ಹೊರಗಿಟ್ಟಿದೆ. ಬುಡಕಟ್ಟುಗಳ ರೂಢಿಯನ್ನು ಕಾಪಾಡುವುದು ಅದರ ಉದ್ದೇಶ. ಇದನ್ನು ಸರಿಪಡಿಸುವ ಬಗ್ಗೆ ಯೋಚಿಸಿ ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. ಶಖಾರ್ ಅವರು ಹೇಳುವ ವಿರೋಧಾಭಾಸಕ್ಕೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ಹುಡುಕಬೇಕಿಲ್ಲ.

ಅವರು ಚರ್ಚಿಸುವ ಜೂಲಿಯಾ ಮಾರ್ಟಿನೆಜ್ ಪ್ರಕರಣವೂ ಇದೇ ಬಗೆಯದು. ಅಮೆರಿಕದ ನ್ಯೂ ಮೆಕ್ಸಿಕೊದ ಸಾಂತಾ ಕ್ಲಾರಾ ಪುಯೆಬ್ಲೊ ಎಂಬ ಮೂಲನಿವಾಸಿ ಸಮುದಾಯವು 1939ರಲ್ಲಿ ಮಾಡಿಕೊಂಡ ನಿಯಮದ ಪ್ರಕಾರ, ಹೊರಗೆ ಮದುವೆಯಾದ ಗಂಡಸಿನ ಮಕ್ಕಳು ಸದಸ್ಯರು, ಹೊರಗೆ ಮದುವೆಯಾದ ಹೆಂಗಸಿನ ಮಕ್ಕಳು ಸದಸ್ಯರಲ್ಲ. ತಾಯಿ ಸತ್ತರೆ ಅವಳ ಮನೆಯಾಗಲಿ, ಸಮುದಾಯದ ಭೂಮಿಯಲ್ಲಿ ಅವಳಿಗಿದ್ದ ಹಕ್ಕಾಗಲಿ ಮಕ್ಕಳಿಗೆ ಬರುವಂತಿರಲಿಲ್ಲ. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಮುದಾಯದ ಸ್ವಾಯತ್ತೆಯನ್ನು ಎತ್ತಿಹಿಡಿದು ಮಧ್ಯೆ ಬರಲಿಲ್ಲ. ನಮ್ಮಲ್ಲಿ ಮಗುವಿನ ಜಾತಿ ಪ್ರಮಾಣಪತ್ರಕ್ಕೆ ತಹಶೀಲ್ದಾರರ ಕಚೇರಿಗೆ ಹೋದರೆ ಮೊದಲು ಕೇಳುವುದು ತಂದೆಯ ಜಾತಿಯನ್ನೇ. ತಾಯಿಯ ಕೇರಿಯಲ್ಲಿ, ಅದೇ ಕಷ್ಟಗಳ ನಡುವೆ ಬೆಳೆದ ಮಗು ಅದನ್ನು ಸಾಬೀತುಪಡಿಸಿ ತಾಯಿಯ ಪಂಗಡಕ್ಕೆ ಸೇರಿದೆ ಎನ್ನಬಹುದು ಎಂದು 2012ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ಸಾಬೀತುಪಡಿಸುವ ಭಾರ ಮಾತ್ರ ಆ ತಾಯಿ ಮಗುವಿನ ಮೇಲೆಯೇ ಇದೆ.

ಶಂಕರಘಟ್ಟದ ಸಂಶೋಧನಾ ವಿದ್ಯಾರ್ಥಿ

ಎರಡು ವಿಷಯಗಳನ್ನು ಸೇರಿಸುತ್ತೇನೆ. ಶಖಾರ್ 2009ರಲ್ಲಿ 'ದಿ ಬರ್ತ್‌ರೈಟ್ ಲಾಟರಿ' ಎಂಬ ಇನ್ನೊಂದು ಪುಸ್ತಕವನ್ನು ಬರೆದರು. ಶ್ರೀಮಂತ ದೇಶದ ಪೌರತ್ವವು ಹುಟ್ಟಿನಿಂದ ಸಿಗುವ ಪಿತ್ರಾರ್ಜಿತ ಆಸ್ತಿಯಿದ್ದಂತೆ, ಇಂಗ್ಲೆಂಡಿನ ಹಳೆಯ ಜಮೀನ್ದಾರಿಗಳು ಒಂದೇ ವಂಶದಲ್ಲಿ ಇಳಿದು ಬರುತ್ತಿದ್ದ ಹಾಗೆ ಅದು ಇಳಿದು ಬರುತ್ತದೆ ಎಂಬುದು ಅದರ ವಾದ. ಆಸ್ತಿಯ ವಾರಸಿಕೆಯನ್ನು ಪ್ರಶ್ನಿಸುವ ನಾವು ಪೌರತ್ವದ ವಾರಸಿಕೆಯನ್ನು ಏಕೆ ಪ್ರಶ್ನಿಸುವುದಿಲ್ಲ ಎಂದು ಅವರು ಕೇಳುತ್ತಾರೆ. ಮಲೆನಾಡಿನವರಿಗೆ ಇದು ಒಡನೆ ಅರ್ಥವಾಗಬೇಕು. ನಮ್ಮ ದೇಶದ ಪೌರತ್ವವೂ ಬಹುಕಾಲ ಅಪ್ಪನ ಆಸ್ತಿಯಾಗಿಯೇ ಇತ್ತು: 1955ರ ಕಾಯಿದೆಯಡಿ ವಿದೇಶದಲ್ಲಿ ಹುಟ್ಟಿದ ಮಗುವಿಗೆ ವಂಶಾನುಗತ ಪೌರತ್ವ ತಂದೆಯಿಂದ ಮಾತ್ರ ಬರುತ್ತಿತ್ತು, ತಾಯಿಯಿಂದಲೂ ಬರುವಂತಾದದ್ದು 1992ರ ತಿದ್ದುಪಡಿಯ ಮೇಲೆ.

ಎರಡನೆಯದು ಭಿನ್ನಾಭಿಪ್ರಾಯ. ಶಖಾರ್ ಅವರ ಯೋಜನೆ ನಡೆಯಬೇಕಾದರೆ ಎದುರುಬದುರು ಕೂರಬಲ್ಲ ಎರಡು ಅಧಿಕಾರಗಳು ಬೇಕು. ಅವರ ಮನಸ್ಸಿನಲ್ಲಿರುವುದು ಇಸ್ರೇಲಿನ ಧಾರ್ಮಿಕ ನ್ಯಾಯಾಲಯಗಳು, ಪುಯೆಬ್ಲೊದಂಥ ಸ್ವಯಮಾಡಳಿತದ ಸಮುದಾಯಗಳು. ಮೇಡಂ, ನಿಮ್ಮ ಅಕ್ಕನ ಎದುರಿಗಿದ್ದದ್ದು ಯಾವ ನ್ಯಾಯಾಲಯ? ಒಲೆಯ ಮುಂದೆ ಕೂತ ತಾಯಿ, ಒಂದು ಮೊರದ ಬಾಗಿನ. ಇವರ ಜೊತೆ ಪ್ರಭುತ್ವ ಅಧಿಕಾರ ಹಂಚಿಕೊಳ್ಳುವುದು ಹೇಗೆ?

ಸಾಗರದ ಓದುಗಿ

ನೀವು ತೋರಿಸಿದ ಕೊರತೆ ನಿಜ. ಎರಡು ದಿನ ಅದನ್ನೇ ಯೋಚಿಸಿದೆ. ಅವರ ಪುಸ್ತಕದಲ್ಲಿರುವ ಸಮುದಾಯಗಳಿಗೆ ಮುಖವಿದೆ, ಮೊಹರಿದೆ. ನಮ್ಮಲ್ಲಿ ಕುಟುಂಬವೇ ನ್ಯಾಯಪೀಠ, ಆದರೆ ಅದು ಯಾವತ್ತೂ ತೀರ್ಪು ಕೊಡುವುದಿಲ್ಲ, ಸುಮ್ಮನೆ ಮುಖ ತಿರುಗಿಸುತ್ತದೆ. ಆದರೂ ಇನ್ನೊಂದು ಕಡೆಗೆ ತಿರುಗುವ ದಾರಿ ಎಂಬ ಅವರ ಸೂತ್ರದ ಮೂರನೆಯ ಅಂಶವನ್ನು ನಾವು ಇಲ್ಲಿಗೆ ತಕ್ಕಂತೆ ಬಳಸಬಹುದು ಎಂದು ನನ್ನ ಗಟ್ಟಿ ನಂಬಿಕೆ. ಬಿಡುಗಡೆ ಪತ್ರದ ದೊಡ್ಡ ದೋಷ ಅದರ ಹೊತ್ತು. ಸಾವಿನ ಮನೆಯ ದುಃಖ ಆರುವ ಮೊದಲೇ, ಹೆಣ್ಣಿನ ಹೆಸರು ಪಹಣಿಗೆ ಒಮ್ಮೆಯೂ ಏರುವ ಮೊದಲೇ ಅದನ್ನು ಬರೆಸಿಕೊಳ್ಳುತ್ತಾರೆ. ಮೊದಲು ಎಲ್ಲರ ಹೆಸರಿಗೂ ಪೌತಿ ಖಾತೆ ಆಗಲಿ. ಎರಡು ಫಸಲು ಕಳೆಯಲಿ. ಪಹಣಿಯಲ್ಲಿ ತನ್ನ ಹೆಸರನ್ನು ಕಣ್ಣಾರೆ ಕಂಡ ಮೇಲೂ ಕೊಡಬೇಕೆನಿಸಿದರೆ ಅಣ್ಣನಿಗೆ ದಾನಪತ್ರ ಮಾಡಿಕೊಡಲಿ. ಆಗ ಅವಳು ಕೊಡುವುದು ತನ್ನದನ್ನು, ಮತ್ತು ಕೊಟ್ಟವಳೆಂದು ಮನೆ ಅವಳನ್ನು ನೆನೆಯುತ್ತದೆ.

ಹೊಸನಗರದ ವಕೀಲ

ಈ ಸಲಹೆಯನ್ನು ನನ್ನ ಕಕ್ಷಿದಾರರಿಗೆ ಹೇಳಲು ಅಡ್ಡಿಯಿಲ್ಲ. ನೋಂದಣಿಯಾದ ಬಿಡುಗಡೆ ಪತ್ರವನ್ನು ಆಮೇಲೆ ರದ್ದುಪಡಿಸಬೇಕೆಂದರೆ ಮೋಸವನ್ನೋ ಬಲವಂತವನ್ನೋ ರುಜುವಾತುಪಡಿಸಬೇಕು, ಅಣ್ಣನ ಮೌನವನ್ನು ಯಾವ ನ್ಯಾಯಾಲಯದಲ್ಲಿಯೂ ರುಜುವಾತುಪಡಿಸಲಾಗುವುದಿಲ್ಲ. ಒಪ್ಪಿಗೆಯ ಬಗ್ಗೆ ನಾನು ಎತ್ತಿದ ಆಕ್ಷೇಪವನ್ನು ಅರ್ಧದಷ್ಟು ಹಿಂತೆಗೆದುಕೊಳ್ಳುತ್ತೇನೆ.

ತೋಟದ ಮನೆ, ತೀರ್ಥಹಳ್ಳಿ

ನಿನ್ನೆ ರಾತ್ರಿ ಪಹಣಿ ತೆಗೆದು ನೋಡಿದೆ. ನನ್ನ ಹೆಂಡತಿಯ ಹೆಸರು ಎಲ್ಲಿಯೂ ಇಲ್ಲ. ಅವಳು ತನ್ನ ತವರಿನಲ್ಲಿ 2009ರಲ್ಲಿ ಪತ್ರ ಬರೆದುಕೊಟ್ಟದ್ದು ನನಗೆ ಮರೆತೇ ಹೋಗಿತ್ತು. ಆ ದಿನ ಅವಳನ್ನು ಬೈಕಿನಲ್ಲಿ ಕರೆದುಕೊಂಡು ಹೋದವನು ನಾನೇ. ತಂಗಿಗೆ ಫೋನ್ ಮಾಡಿದ್ದೇನೆ, ಗೌರಿ ಹಬ್ಬಕ್ಕೆ ಬಂದಾಗ ಈ ವರ್ಷದ ಅಡಿಕೆಯ ಲೆಕ್ಕವನ್ನು ಅವಳ ಎದುರಿಗೇ ಇಡುತ್ತೇನೆ ಎಂದಿದ್ದೇನೆ. ಯಾಕೆ ಅಣ್ಣಾ, ಏನಾಯಿತು, ಆರೋಗ್ಯ ಸರಿಯಿದೆಯಲ್ಲ ಎಂದು ಅವಳು ಮೂರು ಸಲ ಕೇಳಿದಳು.